ಸೇವಕನಾದ ದೇವರು ಮತ್ತು ಕೇರಿಯ ಹುಡುಗರು: ಅರವಿಂದ ನಿರ್ಮಲರ ವಾದಕ್ಕೊಂದು ವಿಮರ್ಶೆ

ದಲಿತ ದೈವಶಾಸ್ತ್ರದ ಪಾಠಗಳಲ್ಲಿ ಅರವಿಂದ ಪಿ. ನಿರ್ಮಲರ ಒಂದು ವಾದ ಹೆಚ್ಚಿನ ಪರಿಶೀಲನೆಗೆ ಒಳಗಾಗದೆ ದಾಟಿಹೋಗುತ್ತದೆ. ದೇವರು ಸೇವಕನು, ಸೇವೆಯೇ ಆತನ ಸ್ವಧರ್ಮ, ತಲೆತಲಾಂತರದಿಂದ ಪರರ ಸೇವೆಯಲ್ಲೇ ಸವೆದುಹೋದ ದಲಿತರು ಆ ಕಾರಣದಿಂದಲೇ ಈ ದೇವರ ಜನ, ಆದುದರಿಂದ ಸೇವೆ ಅವರ ಪಾಲಿಗೆ ಬಂದ ಪಾಡು ಮಾತ್ರವಲ್ಲ, ಅವರ ಭಾಗ್ಯವೂ ಹೌದು. ವಾದದ ಸಾರ ಇಷ್ಟು. ಸಭೆಯ ಯುವಜನ ಕಾರ್ಯದಲ್ಲಿ ತೊಡಗಿರುವವರು, ಅದರಲ್ಲೂ ದಲಿತ ಹುಡುಗರನ್ನೂ ಯುವಕರನ್ನೂ ಸಮಾಜಸೇವೆಯ ಮೂಲಕ ಬೆಳೆಸಬೇಕೆಂದು ಹೊರಟಿರುವವರು, ಈ ಮಾತನ್ನು ಅರಿತೋ ಅರಿಯದೆಯೋ ಆಶ್ರಯಿಸಿರುತ್ತಾರೆ. ಮಧುಗಿರಿ, ಸಿರಾ, ಕೊರಟಗೆರೆ, ಪಾವಗಡ ಎಂಬ ನಾಲ್ಕು ತಾಲ್ಲೂಕುಗಳ ನೆಲದಲ್ಲಿ ನಿಲ್ಲಿಸಿದರೆ ಈ ವಾದ ಎಷ್ಟು ದೂರ ನಡೆದೀತು ಎಂಬುದನ್ನು ನೋಡುವುದು ನಮ್ಮ ಉದ್ದೇಶ.

ಮೊದಲು ನಿರ್ಮಲರಿಗೆ ಸಲ್ಲಬೇಕಾದುದು ಸಲ್ಲಲಿ. 1981ರಲ್ಲಿ ಬೆಂಗಳೂರಿನ ಯುನೈಟೆಡ್ ಥಿಯಾಲಜಿಕಲ್ ಕಾಲೇಜಿನಲ್ಲಿ ಅವರು ಮಾಡಿದ ಭಾಷಣದಿಂದ ಭಾರತದ ಕ್ರೈಸ್ತ ಚಿಂತನೆಯ ದಿಕ್ಕು ಬದಲಾಯಿತು. ಬ್ರಾಹ್ಮಣ್ಯದ ತತ್ತ್ವಪರಿಭಾಷೆಯಲ್ಲಿ ಕ್ರಿಸ್ತನನ್ನು ವಿವರಿಸುವುದೇ ದೇಶೀಯ ದೈವಶಾಸ್ತ್ರವೆಂದು ನಂಬಿದ್ದ ಕಾಲದಲ್ಲಿ, ಸಭೆಯ ಬಹುಪಾಲು ಜನ ಯಾರು, ಅವರ ನೋವು ಯಾವುದು ಎಂಬ ಪ್ರಶ್ನೆಯನ್ನು ಅವರು ಮುಂದಿಟ್ಟರು. ಆಮೇಲೆ ಚೆನ್ನೈನ ಗುರುಕುಲದಲ್ಲಿದ್ದು ಆ ಚಿಂತನೆಯನ್ನು ಬೆಳೆಸಿದರು. ಧರ್ಮೋಪದೇಶಕಾಂಡ 26ರಲ್ಲಿ ಬರುವ ಇಸ್ರಾಯೇಲರ ನಂಬಿಕೆಯ ಅರಿಕೆಯನ್ನು, ಅಲೆಮಾರಿ ತಂದೆಯ ನೆನಪಿನಿಂದ ಆರಂಭವಾಗುವ ಆ ಅರಿಕೆಯನ್ನು, ದಲಿತರ ಚರಿತ್ರೆಗೆ ಮಾದರಿಯಾಗಿ ಓದಿದರು. ಯೆಶಾಯ 53ರ ಬಾಧೆಪಡುವ ಸೇವಕನಲ್ಲಿ ದಲಿತನ ಮುಖವನ್ನು ಕಂಡರು. ದೇವರು ಬಡಿಸುವವನು, ಬಟ್ಟೆ ಒಗೆಯುವವನು, ಮಲ ಬಳಿಯುವವನು ಎಂದು ಹೇಳಲು ಹಿಂಜರಿಯಲಿಲ್ಲ. ತಮ್ಮ ಅಜ್ಜ ಯಾರ ಮನೆಯ ಹೊಲಸನ್ನು ಹೊತ್ತಿದ್ದನೆಂಬುದನ್ನು ಮರೆಮಾಚುತ್ತ ಬದುಕಿದ್ದ ಕ್ರೈಸ್ತರಿಗೆ ಈ ಮಾತು ಬಿಡುಗಡೆ. ಮರೆಮಾಚಲು ಏನೂ ಇಲ್ಲದ ಮೇಲುಜಾತಿಯ ಕ್ರೈಸ್ತರಿಗೆ ಇದು ಕಪಾಳಕ್ಕೆ ಬಿದ್ದ ಏಟು. ಎರಡೂ ಆಗಬೇಕಾಗಿದ್ದವು.

ಈಗ ನೆಲಕ್ಕೆ ಬರೋಣ. ತುಮಕೂರು ಜಿಲ್ಲೆಯ ಉತ್ತರ ಭಾಗದ ಈ ನಾಲ್ಕು ತಾಲ್ಲೂಕುಗಳನ್ನು ಶಿಕ್ಷಣ ಇಲಾಖೆ ಬೇರೆಯಾಗಿ ಮಧುಗಿರಿ ಶೈಕ್ಷಣಿಕ ಜಿಲ್ಲೆಯೆಂದು ಗುರುತಿಸಿದೆ. ಕಂದಾಯದ ಲೆಕ್ಕದಲ್ಲಿಯೂ ಇವು ಮಧುಗಿರಿ ಉಪವಿಭಾಗಕ್ಕೆ ಸೇರಿವೆ. ಮಳೆ ಕಡಿಮೆ, ಕಲ್ಲುಬೆಟ್ಟ ಹೆಚ್ಚು, ಕಡಲೆಕಾಯಿ ಬೆಳೆದು ಆಕಾಶ ನೋಡುವ ಸೀಮೆ. ಪಾವಗಡವಂತೂ ಬಹುತೇಕ ಆಂಧ್ರದ ನೆಲದೊಳಗೆ ಚಾಚಿಕೊಂಡಿದೆ. ಅಲ್ಲಿನ ಕೇರಿಯ ಹುಡುಗ ಮನೆಯಲ್ಲಿ ತೆಲುಗು, ಶಾಲೆಯಲ್ಲಿ ಕನ್ನಡ ಆಡುತ್ತಾನೆ. ಕೊರಟಗೆರೆ ಮತ್ತು ಪಾವಗಡ ಪರಿಶಿಷ್ಟ ಜಾತಿಗೆ ಮೀಸಲಾದ ವಿಧಾನಸಭಾ ಕ್ಷೇತ್ರಗಳು. ಮಧುಗಿರಿಯಿಂದಲೂ ಆನಂತರ ಕೊರಟಗೆರೆಯಿಂದಲೂ ಗೆದ್ದ ದಲಿತ ನಾಯಕರೊಬ್ಬರು ರಾಜ್ಯದ ಉಪಮುಖ್ಯಮಂತ್ರಿಯಾದುದನ್ನು ಈ ಸೀಮೆ ಕಂಡಿದೆ. ಹಾಗೆಂದು ಎ.ಕೆ. ಕಾಲೋನಿಯ ಹದಿನೇಳರ ಹುಡುಗನ ಸಂಜೆ ಬದಲಾಗಿದೆಯೆಂದು ಹೇಳಲಾಗದು. ಪಿಯುಸಿಯಲ್ಲಿ ನಿಂತ ಓದು, ಬೆಂಗಳೂರಿನ ಗಾರೆ ಕೆಲಸ, ಹಬ್ಬಕ್ಕೆ ಊರಿಗೆ ಬಂದಾಗ ಗುಡಿಯ ಹೊರಗೆ ನಿಲ್ಲುವ ಜಾಗ. ಅವನ ಮುಂದಿನ ದಾರಿಗಳಲ್ಲಿ ಕೆಲವು ಭಯಾನಕವೂ ಆಗಿದ್ದವು. 2005ರ ಫೆಬ್ರವರಿ 10ರ ರಾತ್ರಿ ಪಾವಗಡ ತಾಲ್ಲೂಕಿನ ವೆಂಕಟಮ್ಮನಹಳ್ಳಿಯಲ್ಲಿ ನಕ್ಸಲರು ಪೊಲೀಸ್ ಶಿಬಿರದ ಮೇಲೆ ನಡೆಸಿದ ದಾಳಿ ಈ ಸೀಮೆಯ ನೆನಪಿನಿಂದ ಅಳಿದಿಲ್ಲ. ಬಂದೂಕು ಹಿಡಿದವರು ಕೂಡ ತಮ್ಮ ಕೆಲಸವನ್ನು ಜನಸೇವೆಯೆಂದೇ ಕರೆದಿದ್ದರು.

ಈ ಹುಡುಗನ ಕಿವಿಗೆ ‘ಸೇವೆ’ ಎಂಬ ಮಾತು ಹೇಗೆ ಬೀಳುತ್ತದೆ? ವಿಮರ್ಶೆ ಇಲ್ಲಿಂದಲೇ ಆರಂಭವಾಗಬೇಕು. ಅವನ ಮುತ್ತಜ್ಜ ತೋಟಿಯಾಗಿದ್ದಿರಬಹುದು, ಕುಳುವಾಡಿಯಾಗಿದ್ದಿರಬಹುದು. ಊರಿನ ಸಾವಿನ ಸುದ್ದಿಯನ್ನು ಬಿಸಿಲಲ್ಲಿ ನಡೆದು ನೆಂಟರೂರಿಗೆ ಮುಟ್ಟಿಸುವುದು, ಗುಂಡಿ ತೋಡುವುದು, ಸತ್ತ ದನವನ್ನು ಹೊರುವುದು, ಮಾರಿಹಬ್ಬಕ್ಕೆ ತಮಟೆ ಬಡಿಯುವುದು, ಅಮಲ್ದಾರರು ಬಂದರೆ ಅವರ ಕುದುರೆಗೆ ಹುಲ್ಲು ಹಾಕುವುದು: ಇವೆಲ್ಲಕ್ಕೂ ಇದ್ದ ಹೆಸರು ಚಾಕರಿ, ಕೂಲಿಯಿಲ್ಲದಾಗ ಬಿಟ್ಟಿ ಚಾಕರಿ. ಊರಗೌಡರ ಬಾಯಲ್ಲಿ ಅದು ‘ಊರ ಸೇವೆ’. ವಂಶಪಾರಂಪರ್ಯದ ಗ್ರಾಮಹುದ್ದೆಗಳನ್ನು 1961ರ ಕಾನೂನು ರದ್ದುಮಾಡಿತು. ಜೀತಪದ್ಧತಿಯನ್ನು 1976ರ ಕಾನೂನು ನಿಷೇಧಿಸಿತು. ಕಾನೂನು ತೆಗೆದುಹಾಕಿದ್ದನ್ನು ಪದ್ಧತಿ ಹಬ್ಬದ ಹೆಸರಿನಲ್ಲಿ ಹಿಂಬಾಗಿಲಿನಿಂದ ಕರೆತರುವುದು ಹಳ್ಳಿಗಳನ್ನು ಬಲ್ಲವರಿಗೆ ತಿಳಿದ ಸಂಗತಿ. ಈ ದುಡಿಮೆ ಮಾಡಿದವನಿಗೆ ಆಯ್ಕೆಯಿರಲಿಲ್ಲ, ಲೆಕ್ಕ ಕೇಳುವ ಹಕ್ಕಿರಲಿಲ್ಲ, ಬೇಡವೆನ್ನುವ ನಾಲಿಗೆಯಿರಲಿಲ್ಲ. ಸೇವೆ ಅವನ ಸ್ವಧರ್ಮವೆಂದು ಮಾತ್ರ ಎಲ್ಲರೂ ಅವನಿಗೆ ಹೇಳಿದ್ದರು.

ನಿರ್ಮಲರು ‘ಸ್ವಧರ್ಮ’ ಎಂಬ ಪದವನ್ನೇ ಎತ್ತಿಕೊಂಡರು ಎಂಬುದು ಗಮನಾರ್ಹ. ವ್ಯಂಗ್ಯದಿಂದಲೇ ಎತ್ತಿಕೊಂಡಿರಬೇಕು, ಭಗವದ್ಗೀತೆಯ ಆ ಪದವನ್ನು ಕಸಿದುಕೊಂಡು ದೇವರ ಕೊರಳಿಗೇ ಹಾಕಿದರು. ಆದರೆ ವ್ಯಂಗ್ಯ ಕೇಳುಗರನ್ನು ಅವಲಂಬಿಸುತ್ತದೆ. ದೇವರು ಆಳಾಗಿದ್ದಾನೆ ಎಂದು ಆಳಿಟ್ಟುಕೊಂಡವನಿಗೆ ಹೇಳಿದರೆ ಅವನ ಕುರ್ಚಿ ಅಲ್ಲಾಡುತ್ತದೆ. ಅದೇ ಮಾತನ್ನು ಆಳಿನ ಮಗನಿಗೆ ಹೇಳಿದರೆ, ನಿನ್ನ ಅಪ್ಪ ಇದ್ದ ಜಾಗದಲ್ಲೇ ಇರು, ದೇವರೂ ಅಲ್ಲೇ ಇದ್ದಾನೆ ಎಂದು ಕೇಳಿಸುವ ಅಪಾಯವಿದೆ. ಒಂದೇ ವಾಕ್ಯ ಇಬ್ಬರಿಗೆ ಎರಡು ಸುವಾರ್ತೆಯಾಗುತ್ತದೆ; ಅದರಲ್ಲಿ ಒಂದು ಸುವಾರ್ತೆಯೇ ಅಲ್ಲ. ನಿರ್ಮಲರ ಪ್ರಬಂಧ ತನ್ನ ಕೇಳುಗರು ಯಾರೆಂಬುದನ್ನು ಎಲ್ಲಿಯೂ ಸ್ಪಷ್ಟಪಡಿಸಿಕೊಳ್ಳುವುದಿಲ್ಲ. ನಮ್ಮ ಮುಖ್ಯ ಆಕ್ಷೇಪ ಇದು.

ನಮ್ಮ ಭಾಷೆ ಈ ತೊಡಕನ್ನು ಇನ್ನಷ್ಟು ಬಿಗಿಮಾಡುತ್ತದೆ. ಗ್ರೀಕಿನ ‘ದೂಲೊಸ್’ ಎಂಬ ಪದಕ್ಕೆ ಕನ್ನಡದಲ್ಲಿ ದಾಸ, ಆಳು, ಸೇವಕ ಎಂಬ ಮೂರು ಬಾಗಿಲುಗಳಿವೆ. ಹರಿದಾಸರಿಂದಾಗಿ ‘ದಾಸ’ನಿಗೆ ತಂಬೂರಿಯೂ ಪ್ರಭೆಯೂ ಬಂದವು. ಶರಣರಿಂದ ಅದೇ ಬೇರಿನ ‘ದಾಸೋಹ’ ದೊಡ್ಡ ಮಾತಾಯಿತು. ‘ಆಳು’ ಮಾತ್ರ ಹೊಲದಲ್ಲೇ ಉಳಿಯಿತು. ಪೌಲನು ತನ್ನನ್ನು ಕ್ರಿಸ್ತನ ದಾಸನೆಂದು ಕರೆದುಕೊಂಡುದನ್ನು ಪ್ರಸಂಗಪೀಠದಿಂದ ಓದುವಾಗ ಪಟ್ಟಣದ ಕಿವಿಗೆ ತಂಬೂರಿ ಕೇಳಿಸುತ್ತದೆ. ಕೇರಿಯ ಕಿವಿಗೆ ಕೇಳಿಸುವುದು ದಣಿಯ ಕೂಗು.

ಇಷ್ಟನ್ನು ಗಮನಿಸದ ಯುವಜನ ಕಾರ್ಯ ಯಾವ ರೂಪ ತಾಳುತ್ತದೆಂಬುದನ್ನು ಊಹಿಸುವುದು ಕಷ್ಟವಲ್ಲ. ರಾಷ್ಟ್ರೀಯ ಸೇವಾ ಯೋಜನೆ 1969ರಲ್ಲಿ ಆರಂಭವಾದಂದಿನಿಂದ ಶ್ರಮದಾನವೆಂದರೆ ಶಿಬಿರ, ಶಿಬಿರವೆಂದರೆ ಚರಂಡಿ ಸ್ವಚ್ಛಗೊಳಿಸುವುದು ಎಂಬ ರೂಢಿ ಬಂದಿದೆ. 2014ರ ಅಕ್ಟೋಬರ್ 2ರಿಂದ ಸ್ವಚ್ಛ ಭಾರತದ ಹೆಸರಿನಲ್ಲಿ ಪೊರಕೆ ರಾಷ್ಟ್ರಲಾಂಛನದಷ್ಟೇ ಪವಿತ್ರವಾಯಿತು. ಮೇಲುಜಾತಿಯ ವಿದ್ಯಾರ್ಥಿಯೊಬ್ಬ ಒಂದು ಬೆಳಿಗ್ಗೆ ಪೊರಕೆ ಹಿಡಿದರೆ ಅವನಿಗೆ ಅದೊಂದು ಪಾಠ, ಭಾವಚಿತ್ರವೂ ಬರುತ್ತದೆ. ಪುರಸಭೆಯ ಪೌರಕಾರ್ಮಿಕರ ಮಗನ ಕೈಗೆ ಸಭೆಯ ಯುವಜನ ಸಂಘ ಅದೇ ಪೊರಕೆಯನ್ನು ಕೊಟ್ಟರೆ ಅವನು ಕಲಿಯುವುದೇನು? ಮನೆಯಲ್ಲಿ ಕಲಿತದ್ದನ್ನೇ. ಅಂತಹ ದಿನದ ಕೊನೆಗೆ ಮಾರ್ಕ 10:45ನ್ನು ಓದಿ ಪ್ರಾರ್ಥನೆ ಮಾಡಿ ಬಾಳೆಹಣ್ಣು ಹಂಚುವುದನ್ನು ಮಾರ್ಗದರ್ಶನವೆಂದು ಕರೆಯಲು ನಮಗೆ ಮನಸ್ಸು ಬಾರದು.

ಈ ಸೀಮೆಯಲ್ಲಿ ಸಭೆಗೆ ಹಳೆಯ ಹೊಣೆಯೂ ಇದೆ. ವೆಸ್ಲಿಯನ್ ಮಿಷನ್ 1837ರಲ್ಲಿ ಗುಬ್ಬಿಗೆ ಬಂದಿತು. 1876–78ರ ಮಹಾಬರದಲ್ಲಿ, ಧಾತು–ಈಶ್ವರ ಸಂವತ್ಸರಗಳ ಬರವೆಂದು ಹಿರಿಯರು ಹೇಳುತ್ತಿದ್ದ ಆ ಕಾಲದಲ್ಲಿ, ದಿಕ್ಕಿಲ್ಲದ ಹುಡುಗರಿಗೆ ತುಮಕೂರಿನಲ್ಲಿ ಅನಾಥಾಲಯವಾಯಿತು. ತುಮಕೂರಿನ ಯೂನಿಯನ್ ಕನ್ನಡ ಸೆಮಿನರಿ 1965ರಲ್ಲಿ ಮಂಗಳೂರಿನ ಸೆಮಿನರಿಯೊಡನೆ ಸೇರಿ ಇಂದಿನ ಕರ್ನಾಟಕ ಥಿಯಾಲಜಿಕಲ್ ಕಾಲೇಜು ಆಯಿತು. ಅಂದರೆ ಕನ್ನಡದ ಬೋಧಕರು ಈ ಜಿಲ್ಲೆಯಲ್ಲೇ ಒಂದು ಕಾಲದಲ್ಲಿ ತಯಾರಾಗುತ್ತಿದ್ದರು. ಬರದ ಹುಡುಗನಿಗೆ ಅನ್ನ, ಅಕ್ಷರ, ಕಸುಬು ಕೊಟ್ಟ ಮಿಷನರಿಗಳ ದಯೆಯನ್ನು ಅಲ್ಲಗಳೆಯಲಾಗದು. ಆದರೆ ಆ ದಯೆಯ ಚೌಕಟ್ಟಿನಲ್ಲಿ ಹುಡುಗ ಯಾವಾಗಲೂ ಪಡೆಯುವವನು, ವಿಧೇಯನಾಗಿದ್ದರೆ ಒಳ್ಳೆಯ ಸೇವಕನಾಗುವವನು. ನಮ್ಮ ಯುವಜನ ಕಾರ್ಯ ಆ ಚೌಕಟ್ಟಿನಿಂದ ಇನ್ನೂ ಪೂರ್ತಿ ಹೊರಬಂದಿಲ್ಲ.

ಸೇವೆಯನ್ನು ಕುರಿತ ಈ ಅನುಮಾನ ನಮಗಿಂತ ಮೊದಲೇ ಅಮೆರಿಕದ ಕಪ್ಪು ಜನರ ಸಭೆಯಲ್ಲಿ ತೀಕ್ಷ್ಣವಾಗಿ ವ್ಯಕ್ತವಾಗಿದೆ. ಜೇಮ್ಸ್ ಕೋನ್ 1969–70ರಲ್ಲಿ ಬರೆದ ಎರಡು ಪುಸ್ತಕಗಳು ನಿರ್ಮಲರ ತಲೆಮಾರಿನವರಿಗೆ ಪರಿಚಿತವಾಗಿದ್ದವು. ದೇವರು ಕಪ್ಪಗಿದ್ದಾನೆ ಎಂಬುದಕ್ಕೂ ದೇವರು ದಲಿತನು ಎಂಬುದಕ್ಕೂ ಇರುವ ಸಂಬಂಧವನ್ನು ಯಾರೂ ಬಿಡಿಸಿ ಹೇಳಬೇಕಾಗಿಲ್ಲ. ಆದರೆ ಕೋನ್ ಅವರ ನಂತರ ಅಲ್ಲಿ ನಡೆದ ವಾಗ್ವಾದ ನಮ್ಮ ಪಠ್ಯಪಟ್ಟಿಗಳಲ್ಲಿ ಅಷ್ಟಾಗಿ ಕಾಣುವುದಿಲ್ಲ. ಜ್ಯಾಕ್ವೆಲಿನ್ ಗ್ರಾಂಟ್ 1993ರಲ್ಲಿ ಪ್ರಕಟವಾದ ಪ್ರಬಂಧದಲ್ಲಿ ಸೇವಕತ್ವವನ್ನೇ ಪಾಪವೆಂದು ಕರೆದರು. ಬಿಳಿಯರ ಮನೆಗಳಲ್ಲಿ ತಲೆಮಾರುಗಟ್ಟಲೆ ಕಸಮುಸುರೆ ಮಾಡಿದ ಕಪ್ಪು ಹೆಂಗಸರಿಗೆ ‘ಸೇವಕರಾಗಿರಿ’ ಎಂಬ ಉಪದೇಶ ಅವರ ನಿಜಸ್ಥಿತಿಗೆ ಹಚ್ಚಿದ ಧಾರ್ಮಿಕ ಬಣ್ಣವಷ್ಟೇ ಎಂಬುದು ಅವರ ವಾದ. ಸೇವಕತ್ವದ ಬದಲು ಶಿಷ್ಯತ್ವವನ್ನು ಅವರು ಮುಂದಿಟ್ಟರು. ನಮ್ಮಲ್ಲಿ ಪೆನಿಯೆಲ್ ರಾಜ್‌ಕುಮಾರ್ 2010ರ ತಮ್ಮ ಗ್ರಂಥದಲ್ಲಿ ನಿರ್ಮಲರ ಸೇವಕ ಕ್ರಿಸ್ತನ ಚಿತ್ರ ದಲಿತರ ಕೈಗೆ ಕಾರ್ಯಶಕ್ತಿ ಕೊಡುವುದಿಲ್ಲವೆಂದು ತೋರಿಸಿ, ಸುವಾರ್ತೆಗಳ ಸ್ವಸ್ಥತೆಯ ಪ್ರಸಂಗಗಳ ಕಡೆಗೆ ತಿರುಗಿದರು. ಆ ತಿರುವು ಸರಿಯಾದುದು. ಆದರೂ ಸೇವೆಯನ್ನು ಪೂರ್ತಿಯಾಗಿ ಬಿಟ್ಟುಕೊಡಲು ನಾವು ಸಿದ್ಧರಿಲ್ಲ. ಬಿಟ್ಟುಕೊಟ್ಟರೆ ಹುಡುಗರಿಗೆ ಉಳಿಯುವುದು ಸ್ವಂತ ಏಳಿಗೆಯ ಓಟ ಮಾತ್ರ. ಮೊದಲು ಓಡಿದವನು ಕೇರಿಯ ಕಡೆ ತಿರುಗಿಯೂ ನೋಡುವುದಿಲ್ಲ. ಅಂತಹವರನ್ನೂ ಈ ಸೀಮೆ ಬಲ್ಲದು.

ಮಾರ್ಟಿನ್ ಲೂಥರ್ ಕಿಂಗ್ 1968ರ ಫೆಬ್ರವರಿ 4ರಂದು, ತಮ್ಮ ಕೊಲೆಗೆ ಸರಿಯಾಗಿ ಎರಡು ತಿಂಗಳ ಮುಂಚೆ, ಅಟ್ಲಾಂಟದ ತಮ್ಮ ಸಭೆಯಲ್ಲಿ ಮಾಡಿದ ಪ್ರಸಂಗ ಮಾರ್ಕ 10ನೆಯ ಅಧ್ಯಾಯದ ಮೇಲೆಯೇ ಇತ್ತು. ವಾದ್ಯಮೇಳದ ಮುಂದೆ ಕೋಲು ಬೀಸುತ್ತ ನಡೆಯುವ ನಾಯಕನಾಗಬೇಕೆಂಬ ಆಸೆ ಎಲ್ಲರಲ್ಲಿಯೂ ಇದೆ ಎಂದು ಅವರು ಆರಂಭಿಸಿದರು. ಬಲಗಡೆ ಎಡಗಡೆ ಕೂರಿಸೆಂದು ಕೇಳಿದ ಯಾಕೋಬ ಯೋಹಾನರನ್ನು ಯೇಸು ಆ ಆಸೆಗಾಗಿ ಗದರಲಿಲ್ಲ. ಅದನ್ನು ಬೇರೆ ದಿಕ್ಕಿಗೆ ತಿರುಗಿಸಿದನು ಎಂಬುದು ಕಿಂಗ್ ಅವರ ಓದು. ಇಲ್ಲಿನ ಕ್ರಮವನ್ನು ನೋಡಬೇಕು. ದೊಡ್ಡವನಾಗಬೇಕೆಂಬ ಹಂಬಲಕ್ಕೆ ಮೊದಲು ಮನ್ನಣೆ, ಸೇವೆಯ ಮಾತು ಆಮೇಲೆ. ಕಪ್ಪು ಜನರ ಸಭೆಗೆ ಹೇಳಬೇಕಾದುದನ್ನು ಹೇಳಬೇಕಾದ ಕ್ರಮದಲ್ಲಿ ಹೇಳುವುದು ಕಿಂಗ್ ಅವರಿಗೆ ತಿಳಿದಿತ್ತು. ನಿರ್ಮಲರಲ್ಲಿ ಈ ಕ್ರಮ ತಲೆಕೆಳಗಾಗಿದೆ.

ಪವಿತ್ರಗ್ರಂಥದಲ್ಲಿ ಈ ಕ್ರಮ ಅಡಕವಾಗಿಯೇ ಇದೆ. ಯೋಹಾನ 13ರಲ್ಲಿ ಯೇಸು ಕಾಲು ತೊಳೆದ ಪ್ರಸಂಗವನ್ನು ಪವಿತ್ರ ಗುರುವಾರ ಎಲ್ಲರೂ ಬೋಧಿಸುತ್ತೇವೆ. ಮೂರನೆಯ ವಚನವನ್ನು ಬಿಟ್ಟು ಬೋಧಿಸುತ್ತೇವೆ. ತಂದೆ ಸಮಸ್ತವನ್ನೂ ತನ್ನ ಕೈಗೆ ಒಪ್ಪಿಸಿದ್ದಾನೆಂದೂ ತಾನು ಎಲ್ಲಿಂದ ಬಂದವನೆಂದೂ ಬಲ್ಲವನಾಗಿ ಆತನು ಊಟದಿಂದ ಎದ್ದನೆಂದು ಸುವಾರ್ತಿಕನು ಹೇಳುತ್ತಾನೆ. ಆ ಅರಿವಿನ ನಂತರ ಕೈವಸ್ತ್ರ ಬರುತ್ತದೆ. ತನ್ನ ಕೈಯಲ್ಲಿ ಏನೂ ಇಲ್ಲವೆಂದು ನಂಬಿದವನು ಕಾಲು ತೊಳೆದರೆ ಅದು ಚಾಕರಿ. ಫಿಲಿಪ್ಪಿಯವರಿಗೆ ಬರೆದ ಪತ್ರದ ಎರಡನೆಯ ಅಧ್ಯಾಯದ ಸ್ತೋತ್ರವನ್ನು ಮುಂದಿಟ್ಟು, ಕ್ರಿಸ್ತನು ದಾಸನ ರೂಪ ಧರಿಸಿದನಲ್ಲವೇ ಎಂದು ಕೇಳುವವರಿಗೂ ಇದೇ ಉತ್ತರ. ಆತನು ಬರಿದುಮಾಡಿಕೊಂಡನು, ನಿಜ. ಬರಿದುಮಾಡಿಕೊಳ್ಳಲು ಆತನಲ್ಲಿ ತುಂಬಿದ್ದಿತು. ಇನ್ನೆರಡು ಅಧ್ಯಾಯಗಳಾದ ಮೇಲೆ, ಯೋಹಾನ 15:15ರಲ್ಲಿ, ಇನ್ನು ನಿಮ್ಮನ್ನು ಆಳುಗಳೆಂದು ಕರೆಯುವುದಿಲ್ಲ, ಸ್ನೇಹಿತರೆನ್ನುತ್ತೇನೆ ಎಂಬ ಅರ್ಥದ ಮಾತಿದೆ; ದಣಿ ಮಾಡುವುದು ಆಳಿಗೆ ತಿಳಿದಿರುವುದಿಲ್ಲ ಎಂಬುದೇ ಅಲ್ಲಿ ಕೊಟ್ಟಿರುವ ಕಾರಣ. ಆಳಿಗೂ ಸ್ನೇಹಿತನಿಗೂ ಇರುವ ಅಂತರ ತಿಳಿವಳಿಕೆಯ ಅಂತರ. ಸೇವಾಶಿಬಿರದ ಹಣ ಎಲ್ಲಿಂದ ಬಂತು, ಎಷ್ಟು ಖರ್ಚಾಯಿತು, ಯಾವ ಊರು ಯಾಕೆ ಆಯ್ಕೆಯಾಯಿತು ಎಂಬುದು ತಿಳಿಯದೆ ದುಡಿಯುವ ಹುಡುಗ ಯೋಹಾನನ ಲೆಕ್ಕದಲ್ಲಿ ಇನ್ನೂ ಆಳು.

‘ದಿಯಾಕೊನಿಯಾ’ ಎಂಬ ಪದದ ಬಗ್ಗೆಯೂ ಒಂದು ಮಾತು. ಜಾನ್ ಎನ್. ಕಾಲಿನ್ಸ್ 1990ರಲ್ಲಿ ಪ್ರಾಚೀನ ಗ್ರೀಕ್ ಬರಹಗಳನ್ನು ಜಾಲಾಡಿ, ಆ ಪದಗುಚ್ಛದ ಮೂಲಭಾವ ದೀನಸೇವೆಯಲ್ಲವೆಂದು ವಾದಿಸಿದರು. ಅಧಿಕಾರ ಕೊಟ್ಟು ಕಳುಹಿಸಲ್ಪಟ್ಟವನು, ಇಬ್ಬರ ನಡುವೆ ಸಂದೇಶವನ್ನೋ ಕಾರ್ಯವನ್ನೋ ಹೊತ್ತು ಹೋಗುವವನು ‘ದಿಯಾಕೊನೊಸ್’. ಎಲ್ಲ ವಿದ್ವಾಂಸರೂ ಇದನ್ನು ಪೂರ್ತಿ ಒಪ್ಪಿಲ್ಲ. ಆದರೆ ಅಪೊಸ್ತಲರ ಕೃತ್ಯಗಳು 6ನ್ನು ಈ ಬೆಳಕಿನಲ್ಲಿ ಓದಿದರೆ ಅಧ್ಯಾಯ ಹೊಸದಾಗಿ ತೆರೆದುಕೊಳ್ಳುತ್ತದೆ. ದಿನದ ಹಂಚಿಕೆಯಲ್ಲಿ ತಮ್ಮ ವಿಧವೆಯರನ್ನು ಕಡೆಗಣಿಸಲಾಗಿದೆ ಎಂದು ಗ್ರೀಕ್ ಮಾತಿನ ಯೆಹೂದ್ಯರು ಗುಣುಗುಟ್ಟಿದರು. ಸಭೆ ಏಳು ಮಂದಿಯನ್ನು ಆರಿಸಿತು: ಸ್ತೆಫನ, ಫಿಲಿಪ್ಪ, ಪ್ರೊಖೋರ, ನಿಕನೋರ, ತಿಮೋನ, ಪರ್ಮೇನ, ನಿಕೊಲಾಯ. ಏಳೂ ಗ್ರೀಕ್ ಹೆಸರುಗಳು. ಕಡೆಗಣಿಸಲ್ಪಟ್ಟವರ ಗುಂಪಿಗೇ, ಬಹುಶಃ ಅವರಲ್ಲೇ ಕಿರಿಯರಿಗೆ, ಇಡೀ ಸಭೆಯ ಉಗ್ರಾಣದ ಬೀಗದಕೈ ಹೋಯಿತು. ಬಡಿಸುವ ಸೌಟನ್ನಷ್ಟೇ ಕೊಟ್ಟು ಉಗ್ರಾಣವನ್ನು ತಮ್ಮಲ್ಲೇ ಇಟ್ಟುಕೊಳ್ಳಲು ಅಪೊಸ್ತಲರಿಗೆ ಅವಕಾಶವಿತ್ತು. ಅವರು ಹಾಗೆ ಮಾಡಲಿಲ್ಲ.

ಇದಕ್ಕೆ ಹತ್ತಿರದ ಒಂದು ಘಟನೆ 1969ರ ಜನವರಿಯಲ್ಲಿ ಕ್ಯಾಲಿಫೋರ್ನಿಯದ ಓಕ್ಲೆಂಡಿನಲ್ಲಿ ನಡೆಯಿತು. ಬ್ಲ್ಯಾಕ್ ಪ್ಯಾಂಥರ್ ಸಂಘಟನೆಯವರು ಶಾಲೆಗೆ ಹೋಗುವ ಮಕ್ಕಳಿಗೆ ಉಚಿತವಾಗಿ ಬೆಳಗಿನ ಉಪಾಹಾರ ಕೊಡುವ ಕೆಲಸವನ್ನು ಅಲ್ಲಿನ ಸಂತ ಅಗಸ್ಟೀನರ ಎಪಿಸ್ಕೋಪಲ್ ದೇವಾಲಯದಲ್ಲಿ ಆರಂಭಿಸಿದರು. ಕರಿಯ ಜಾಕೀಟು ತೊಟ್ಟು ಬಂದೂಕು ಹಿಡಿದ ಚಿತ್ರಗಳಿಂದ ಪ್ರಸಿದ್ಧರಾದ ಯುವಕರು ನಸುಕಿನಲ್ಲೆದ್ದು ಒಲೆ ಹಚ್ಚಿದರು. ಸಭೆ ಕೊಟ್ಟದ್ದು ಜಾಗ. ಏನು ಬೇಯಿಸಬೇಕು, ಮಕ್ಕಳಿಗೆ ಏನು ಹೇಳಬೇಕು ಎಂಬುದನ್ನು ಯುವಕರೇ ನಿರ್ಧರಿಸಿದರು. ಅವರ ರಾಜಕಾರಣವನ್ನೆಲ್ಲ ಒಪ್ಪಬೇಕಾಗಿಲ್ಲ. ಅದೇ ಹೆಸರನ್ನು ಹೊತ್ತು 1972ರಲ್ಲಿ ಮುಂಬಯಿಯಲ್ಲಿ ದಲಿತ ಪ್ಯಾಂಥರ್ಸ್ ಹುಟ್ಟಿತು. ನಮ್ಮಲ್ಲಿ 1973ರ ಬೂಸಾ ಪ್ರಕರಣದ ನಂತರ ಪ್ರೊ. ಬಿ. ಕೃಷ್ಣಪ್ಪನವರ ನೇತೃತ್ವದಲ್ಲಿ ಭದ್ರಾವತಿಯಲ್ಲಿ ರೂಪುಗೊಂಡ ದಲಿತ ಸಂಘರ್ಷ ಸಮಿತಿ, ಹಾಸ್ಟೆಲ್ಲುಗಳ ಹುಡುಗರನ್ನು ರಾತ್ರಿಯ ಮಾತುಕತೆಗಳ, ಹಾಡುಗಳ ಮೂಲಕ 'ಸಂಘದ ಕೆಲಸ'ಕ್ಕೆ ತಂದಿತು. ಆ ಹುಡುಗರು ಊರಿಗೆ ಹಿಂದಿರುಗಿ ಮಾಡಿದ ಮೊದಲ ಸಮಾಜಸೇವೆ ಅನೇಕ ಕಡೆ ಒಂದು ನಿರಾಕರಣೆಯಾಗಿತ್ತು: ಇನ್ನು ಸತ್ತ ದನ ಹೊರುವುದಿಲ್ಲ, ಬಿಟ್ಟಿಗೆ ತಮಟೆ ಬಡಿಯುವುದಿಲ್ಲ. ಸೇವೆಯ ದೈವಶಾಸ್ತ್ರದಲ್ಲಿ ಇಂತಹ ನಿರಾಕರಣೆಗೆ ಅಧ್ಯಾಯವೇ ಇಲ್ಲ.

ತುಮಕೂರಿನ ಸುತ್ತ ಮಾರ್ಗದರ್ಶನದ ಬೇರೆ ಮಾದರಿಗಳೂ ಇವೆ. ಸಿದ್ಧಗಂಗೆಯ ಶಿವಕುಮಾರ ಸ್ವಾಮಿಗಳು ಅನ್ನ, ಅಕ್ಷರ, ಆಶ್ರಯ ಎಂಬ ತ್ರಿವಿಧ ದಾಸೋಹದಿಂದ ಎಲ್ಲ ಜಾತಿಗಳ ಸಾವಿರಾರು ಹುಡುಗರನ್ನು ಓದಿಸಿದ್ದು ಯಾವ ಸಭೆಗೂ ಅಸೂಯೆ ಹುಟ್ಟಿಸುವ ಕೆಲಸ. ಗೊಲ್ಲಹಳ್ಳಿಯ ಎಚ್.ಎಂ. ಗಂಗಾಧರಯ್ಯನವರು ಸಿದ್ಧಾರ್ಥನ ಹೆಸರಿನಲ್ಲಿ ವಿದ್ಯಾಸಂಸ್ಥೆ ಕಟ್ಟಿದಾಗ, ದಲಿತನೇ ಕೊಡುವ ಸ್ಥಾನದಲ್ಲಿ ನಿಂತದ್ದು ಆ ಕಾಲಕ್ಕೆ ಸಣ್ಣ ಸಂಗತಿಯಲ್ಲ. ಮಧುಗಿರಿಗೆ ನೆರೆಯ ಚಿಕ್ಕಬಳ್ಳಾಪುರ ಜಿಲ್ಲೆಯ ಪಿಂಡಿಪಾಪನಹಳ್ಳಿಯ ಮುನಿವೆಂಕಟಪ್ಪನವರು ತಮಟೆಯನ್ನೇ ಕಲೆಯಾಗಿ ಬೆಳೆಸಿ, ಕಿರಿಯರಿಗೆ ಕಲಿಸಿ, 2023ರಲ್ಲಿ ಪದ್ಮಶ್ರೀ ಪಡೆದರು. ಚಾಕರಿಯ ವಾದ್ಯ ಗುರುವಿನ ಕೈಯಲ್ಲಿ ಬೇರೆಯೇ ಆಯಿತು. ಪ್ರಶಸ್ತಿಗಿಂತ ನಮಗೆ ಮುಖ್ಯವಾದುದು ಅವರಲ್ಲಿ ಕಲಿಯಲು ಬಂದ ಹುಡುಗರು ತಾವಾಗಿಯೇ ಬಂದರು ಎಂಬುದು. ಇದಕ್ಕೆ ವ್ಯತಿರಿಕ್ತವಾದ ಉದಾಹರಣೆ ಉತ್ತರ ಕನ್ನಡದ್ದು. ಆಫ್ರಿಕದ ಮೂಲದ ಸಿದ್ದಿ ಸಮುದಾಯದ ಹುಡುಗ ಹುಡುಗಿಯರನ್ನು 1980ರ ದಶಕದ ಕೊನೆಯಲ್ಲಿ ಕ್ರೀಡಾ ಪ್ರಾಧಿಕಾರ ಓಟಗಾರರನ್ನಾಗಿಸಲು ಆರಿಸಿಕೊಂಡಿತು. ಕೆಲವೇ ವರ್ಷಗಳಲ್ಲಿ ಯೋಜನೆಯನ್ನು ನಿಲ್ಲಿಸಿತು. ಅವರ ದೇಹದಿಂದ ದೇಶಕ್ಕೆ ಬೇಕಾದುದನ್ನು ಲೆಕ್ಕಹಾಕಿದವರು ಅವರಿಗೆ ಏನು ಬೇಕೆಂದು ಕೇಳಿದಂತೆ ತೋರುವುದಿಲ್ಲ.

ನಾವು ಹುಡುಗರ ಬಗ್ಗೆಯೇ ಬರೆಯುತ್ತಿದ್ದೇವೆ, ಹುಡುಗಿಯರೆಲ್ಲಿ ಎಂದು ಓದುಗರು ಕೇಳಬಹುದು. ನ್ಯಾಯವಾದ ಪ್ರಶ್ನೆ. ಗ್ರಾಂಟ್ ಅವರ ಮಾತು ಹೆಂಗಸರ ಅನುಭವದಿಂದ ಬಂದುದು. ಕೇರಿಯಲ್ಲಿ ಬಿಟ್ಟಿ ಚಾಕರಿ ಕಾನೂನಿನಿಂದ ನಿಂತರೂ ಮನೆಯೊಳಗಿನ ಬಿಟ್ಟಿ ಚಾಕರಿ ಅಕ್ಕತಂಗಿಯರ ಪಾಲಿಗೆ ನಿಂತಿಲ್ಲ. ಸಮಾಜಸೇವೆಗೆ ಹೊರಟ ಹುಡುಗ ಮೊದಲು ತನ್ನ ಮನೆಯ ನೀರಿನ ಬಿಂದಿಗೆಯನ್ನು ತಾನೇ ಎತ್ತಲಿ. ಅಲ್ಲಿ ಮಾತ್ರ, ನಮ್ಮ ದೃಷ್ಟಿಯಲ್ಲಿ, ನಿರ್ಮಲರ ವಾದವನ್ನು ಅವನಿಗೆ ಯಾವ ತಿದ್ದುಪಡಿಯೂ ಇಲ್ಲದೆ ಹೇಳಬಹುದು. ಆ ಮನೆಯಲ್ಲಿ ದಣಿ ಅವನೇ.

ಸಭೆಯ ಒಳಗಿನ ಇನ್ನೊಂದು ತೊಡಕನ್ನು ಬೋಧಕರೆಲ್ಲರೂ ಬಲ್ಲರು, ಬರೆಯುವವರು ಕಡಿಮೆ. 1950ರ ರಾಷ್ಟ್ರಪತಿಗಳ ಆದೇಶದಂತೆ ಕ್ರೈಸ್ತನಾದ ದಲಿತ ಪರಿಶಿಷ್ಟ ಜಾತಿಯವನಲ್ಲ. ಸಿಖ್ಖರಿಗೆ 1956ರಲ್ಲಿ, ಬೌದ್ಧರಿಗೆ 1990ರಲ್ಲಿ ಬಾಗಿಲು ತೆರೆಯಿತು. ಹೀಗಾಗಿ ದೀಕ್ಷಾಸ್ನಾನದ ದಾಖಲೆ ಪುಸ್ತಕದಲ್ಲಿ ಒಂದು ಹೆಸರು, ಶಾಲೆಯ ದಾಖಲೆಯಲ್ಲಿ ಇನ್ನೊಂದು ಹೆಸರು ಹೊತ್ತು ಬೆಳೆಯುವ ಹುಡುಗನಿಗೆ, ಸಭೆಯ ಪರವಾಗಿ ಬಹಿರಂಗವಾಗಿ ಸೇವೆ ಮಾಡೆಂದು ಹೇಳುವುದರ ಬೆಲೆ ಅವನ ಹಾಸ್ಟೆಲಿನ ಸೀಟು. ಈ ಬೆಲೆಯನ್ನು ತೆರುವವನು ಅವನು. ತೆರಬೇಕೇ ಬೇಡವೇ ಎಂಬುದೂ ಅವನ ನಿರ್ಧಾರವಾಗಿರಬೇಕು. ಬೋಧಕರ ವರದಿಗೆ ಸೇರುವ ಸಂಖ್ಯೆಗಾಗಿ ಅಲ್ಲ.

ಹಾಗಾದರೆ ಈ ಸೀಮೆಯಲ್ಲಿ ಸೇವೆ ಯಾವುದು? ಒಂದನ್ನು ಹೆಸರಿಸುತ್ತೇವೆ. ಪರಿಶಿಷ್ಟರಿಗೆ ಸರಕಾರ ಮಂಜೂರು ಮಾಡಿದ ಭೂಮಿ ಪರಭಾರೆಯಾಗದಂತೆ ತಡೆಯಲು ಕರ್ನಾಟಕ 1978ರಲ್ಲಿ ಒಂದು ಕಾಯಿದೆ ತಂದಿತು. ಪಿಟಿಸಿಎಲ್ ಎಂದೇ ಹಳ್ಳಿಗಳಲ್ಲಿ ಅದರ ಹೆಸರು. ವಿಳಂಬದ ಕಾರಣದಿಂದ ಅರ್ಜಿಗಳು ಬಿದ್ದುಹೋಗುತ್ತಿದ್ದುದನ್ನು ಸರಿಪಡಿಸಲು 2023ರಲ್ಲಿ ಅದಕ್ಕೆ ತಿದ್ದುಪಡಿಯಾಯಿತು. ಕಳೆದುಹೋದ ಭೂಮಿಯನ್ನು ಮರಳಿ ಕೇಳುವ ಅರ್ಜಿ ಹೋಗುವುದು ಉಪವಿಭಾಗಾಧಿಕಾರಿಗೆ. ಈ ನಾಲ್ಕು ತಾಲ್ಲೂಕುಗಳವರಿಗೆ ಅದು ಮಧುಗಿರಿಯ ಕಚೇರಿ. ಮಂಜೂರಾತಿ ಪತ್ರ ಹುಡುಕಬೇಕು, ಪಹಣಿ ತೆಗೆಸಬೇಕು, ಹಳೆಯ ಕೈಬರಹದ ದಾಖಲೆಯನ್ನು ಓದಬೇಕು, ಕ್ರಯಪತ್ರದ ದಿನಾಂಕವನ್ನು ತಾಳೆನೋಡಬೇಕು. ಅಜ್ಜನಿಗೆ ಹೆಬ್ಬೆಟ್ಟು ಮಾತ್ರ ಗೊತ್ತು. ಮೊಮ್ಮಗನಿಗೆ ಓದು ಬರುತ್ತದೆ, ಕೈಯಲ್ಲಿ ಮೊಬೈಲೂ ಇದೆ. ನುರಿತ ವಕೀಲರೊಬ್ಬರೋ ನಿವೃತ್ತ ಶಿರಸ್ತೇದಾರರೊಬ್ಬರೋ ನಾಲ್ಕು ಭಾನುವಾರ ಮಧ್ಯಾಹ್ನ ಇವನಿಗೆ ಪಹಣಿಯ ಕಲಂಗಳನ್ನು ಓದಲು ಕಲಿಸಿದರೆ, ಕೇರಿಯ ಹತ್ತು ಮನೆಗಳ ಕಾಗದಪತ್ರಗಳನ್ನು ಅವನು ಜೋಡಿಸಬಲ್ಲ. ಚರ್ಚಿನ ಹಾಲು ಆ ಹೊತ್ತಿನಲ್ಲಿ ಹೇಗೂ ಖಾಲಿಯಿರುತ್ತದೆ. ಈ ಸೇವೆಗೆ ಪೊರಕೆ ಬೇಡ. ಇದರಲ್ಲಿ ಹುಡುಗ ಕಚೇರಿಯ ಮೆಟ್ಟಿಲು ಹತ್ತುವುದನ್ನು, ಗುಮಾಸ್ತನ ಎದುರು ಕೂತು ಮಾತಾಡುವುದನ್ನು, ಬೇಡವೆಂದರೆ ಬರವಣಿಗೆಯಲ್ಲಿ ಕೊಡಿ ಎಂದು ಕೇಳುವುದನ್ನು ಕಲಿಯುತ್ತಾನೆ. ಕಾಲಿನ್ಸ್ ಹೇಳುವ ಅರ್ಥದಲ್ಲಿ ಅವನೇ ‘ದಿಯಾಕೊನೊಸ್’. ತನ್ನವರ ಪರವಾಗಿ ಕಳುಹಿಸಲ್ಪಟ್ಟವನು. ಮೊದಲ ಸಲ ಸೋಲಲೂಬಹುದು. ಎದುರು ಪಕ್ಷದವರು ಬೆದರಿಸಲೂಬಹುದು. ಆಗ ಬೋಧಕರು ಅವನ ಪಕ್ಕದಲ್ಲಿ ನಿಲ್ಲುತ್ತಾರೆಯೇ ಎಂಬುದರ ಮೇಲೆ ಮಾರ್ಗದರ್ಶನದ ತೂಕ ತಿಳಿಯುತ್ತದೆ.

ಭೂಮಿಯ ಮಾತು ನಮ್ಮನ್ನು ನಿರ್ಮಲರಿಗೆ ಹಿಂದಿರುಗಿಸುತ್ತದೆ. ಪಾವಗಡದ ತಿರುಮಣಿಯ ಸುತ್ತ ಸುಮಾರು 13,000 ಎಕರೆಯಲ್ಲಿ 2,050 ಮೆಗಾವ್ಯಾಟ್ ಸೌರ ವಿದ್ಯುತ್ ಸ್ಥಾವರ ಹಬ್ಬಿದೆ. ಜಮೀನಿದ್ದವರಿಗೆ ವರ್ಷವರ್ಷವೂ ಎಕರೆಗಿಷ್ಟೆಂದು ಗುತ್ತಿಗೆ ಹಣ ಬರುತ್ತದೆ. ಜಮೀನಿಲ್ಲದೆ ಅದೇ ಹೊಲಗಳಲ್ಲಿ ಕೂಲಿ ಮಾಡುತ್ತಿದ್ದವರಿಗೆ ಗುತ್ತಿಗೆಯೂ ಇಲ್ಲ, ಕೂಲಿಯೂ ಇಲ್ಲ. ಅವರ ಮಕ್ಕಳಿಗೆ ಸಿಕ್ಕರೆ ಕಾವಲು ಕಾಯುವ, ಹುಲ್ಲು ಕತ್ತರಿಸುವ, ಗಾಜು ತೊಳೆಯುವ ಕೆಲಸ. ಇಲ್ಲಿ ನಿಂತು ಧರ್ಮೋಪದೇಶಕಾಂಡ 26ನ್ನು ಓದಿದರೆ ನಿರ್ಮಲರು ಒತ್ತು ಕೊಡದ ಒಂದು ವಸ್ತು ಕಣ್ಣಿಗೆ ಬೀಳುತ್ತದೆ. ಅಲೆಮಾರಿ ತಂದೆಯ ಕಥೆಯನ್ನು, ಐಗುಪ್ತದ ಬಿಟ್ಟಿಯ ಕಥೆಯನ್ನು ಹೇಳುವವನ ಕೈಯಲ್ಲಿ ಒಂದು ಪುಟ್ಟಿಯಿದೆ. ಅದರಲ್ಲಿ ಅವನ ಸ್ವಂತ ಹೊಲದ ಪ್ರಥಮಫಲವಿದೆ. ಅವನು ಅದನ್ನು ಯಜ್ಞವೇದಿಯ ಮುಂದಿಟ್ಟು, ಲೇವಿಯನೊಡನೆಯೂ ತನ್ನ ನಡುವೆ ಇರುವ ಪರದೇಶಿಯೊಡನೆಯೂ ಕೂಡಿ ಸಂತೋಷಪಡುತ್ತಾನೆ. ನೋವಿನ ಚರಿತ್ರೆಯನ್ನು ಹೇಳುವ ಅಧಿಕಾರವೂ ಕೊಡುವ ಅಧಿಕಾರವೂ ಅಲ್ಲಿ ಒಬ್ಬನ ಕೈಯಲ್ಲೇ ಇವೆ. ನಿರ್ಮಲರು ಚರಿತ್ರೆಯನ್ನು ಎತ್ತಿಕೊಂಡರು. ಪುಟ್ಟಿಯನ್ನು ವೇದಿಕೆಯ ಬಳಿಯೇ ಬಿಟ್ಟರು. ಅದನ್ನು ತುಂಬುವ ಹೊಲದ ಕಾಗದಗಳಲ್ಲಿ ಕೆಲವು ಮಧುಗಿರಿಯ ಆ ಕಚೇರಿಯ ಕಟ್ಟುಗಳಲ್ಲಿವೆ.